ಪುಟಾಣಿ ಸೈನ್ಯ ಕಟ್ಟಲು ಲಕ್ಷ ರೂಪಾಯಿ ಬೇಕಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹವ್ಯಾಸಗಳ ಕುರಿತು ಬಂದ ಲೇಖನದಲ್ಲಿ ಮಿನಿಯೇಚರ್ ಸಂಗ್ರಹಕ್ಕೂ, ಅಂದರೆ ಬಣ್ಣ ಹಚ್ಚಿ ನಿಲ್ಲಿಸುವ ಪುಟಾಣಿ ಗೊಂಬೆ ಯಂತ್ರಗಳ ಸಂಗ್ರಹಕ್ಕೂ, ಒಂದು ಪ್ಯಾರಾ ಸಿಕ್ಕಿದ್ದು ನೋಡಿ ಖುಷಿಯಾಯಿತು. ಕನ್ನಡ ಪತ್ರಿಕೆಯಲ್ಲಿ ಈ ವಿಷಯ ಬರುವುದೇ ಅಪರೂಪ. ಆದರೆ ಇದೆಲ್ಲ ವಿದೇಶದಿಂದ ತರಿಸಬೇಕಾದ ಸರಕು, ಲಕ್ಷಗಟ್ಟಲೆ ಹಣ ಇದ್ದವರಿಗೆ ಮಾತ್ರ ಎಂಬ ಅರ್ಥದ ಮಾತಿನೊಂದಿಗೆ ಆ ಪ್ಯಾರಾ ಮುಗಿದಿದೆ. ಅದನ್ನು ಓದಿ ಸುಮ್ಮನಿರಲಾಗಲಿಲ್ಲ. ಆಸೆ ಇರುವ ಯಾರೋ ಹುಡುಗಿ, ಯಾರೋ ಹುಡುಗ ಆ ಸಾಲು ಓದಿಯೇ ಕೈಬಿಟ್ಟರೆ ಅದು ಅನ್ಯಾಯ. ಪತ್ರ ಉದ್ದವಾಗಿದೆ, ಗೊತ್ತು. ಜಾಗ ಸಾಲದಿದ್ದರೆ ನನ್ನ ಅಭಿಪ್ರಾಯಗಳನ್ನು ಕತ್ತರಿಸಿ, ಅಳತೆಗಳನ್ನು ಮಾತ್ರ ದಯವಿಟ್ಟು ಉಳಿಸಿಕೊಳ್ಳಿ.

ನಾನು ತುಮಕೂರಿನಲ್ಲಿ ಗಡಿಯಾರ ರಿಪೇರಿ ಮಾಡುವವನು. ಊರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಕೆಲಸ ಕಲಿತೆ. ಕಾರ್ಖಾನೆ ಮುಚ್ಚಿತು, ಕೀ ಕೊಡುವ ವಾಚುಗಳು ಕಡಿಮೆಯಾದವು, ಅಂಗಡಿ ಮಾತ್ರ ನಡೆಯುತ್ತಿದೆ. ಅಂಗಡಿಯ ಗಾಜಿನ ಬೀರುವಿನಲ್ಲಿ ಮೇಲಿನ ಹಲಗೆಗಳು ಗಿರಾಕಿಗಳ ಗಡಿಯಾರಗಳಿಗೆ, ಕೆಳಗಿನವು ನನ್ನ ಸಂಗ್ರಹಕ್ಕೆ. ಮಂಗಳ ಗ್ರಹದಿಂದ ಬಂದ ಮೂರು ಕಾಲಿನ ಯುದ್ಧಯಂತ್ರಗಳು, ಫ್ರಾನ್ಸಿನ ಲೇಖಕ ಜೂಲ್ಸ್ ವರ್ನ್ ಕಥೆಯ ಕ್ಯಾಪ್ಟನ್ ನೆಮೋನ ಜಲಾಂತರ್ಗಾಮಿ ನಾಟಿಲಸ್, ಬೆನ್ನ ಹಿಂದೆ ಮನೆ ಎಳೆಯುವ ಉಕ್ಕಿನ ಆನೆ, ಕೆಂಪು ಕೋಟಿನ ಸಿಪಾಯಿಗಳು, ಗಂಟುಮೂಟೆ ಹೊತ್ತು ಓಡುತ್ತಿರುವ ಲಂಡನ್ನಿನ ಜನ. ಈ ಬಗೆಗೆ ವಿಕ್ಟೋರಿಯನ್ ಸೈನ್ಸ್ ಫಿಕ್ಷನ್ ಎಂದು ಹೆಸರು. ವಿಕ್ಟೋರಿಯಾ ರಾಣಿ ಆಳಿದ 1837ರಿಂದ 1901ರ ನಡುವೆ ಉಗಿ, ಉಕ್ಕು, ಹಿತ್ತಾಳೆ, ರಿವೆಟ್ಟುಗಳನ್ನು ಕಣ್ಣೆದುರು ಇಟ್ಟುಕೊಂಡು ಜನ ಊಹಿಸಿಕೊಂಡ ನಾಳೆ ಅದು. ಅಮೆರಿಕದ ಫ್ರಾಂಕ್ ಚಾಡ್ವಿಕ್ 1980ರ ದಶಕದ ಕೊನೆಗೆ ‘ಸ್ಪೇಸ್: 1889’ ಎಂಬ ಆಟ ತಂದ ಮೇಲೆ ಇದಕ್ಕೆಂದೇ ಗೊಂಬೆ ಕೂಡಿಸುವವರು ಹೆಚ್ಚಾದರು.

ಇದು ಶ್ರೀಮಂತರ ಹವ್ಯಾಸ ಎನ್ನುವವರಿಗೆ ಇದರ ಹಿರಿಯರ ವಿಷಯ ಹೇಳಬೇಕು. ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿ 1893ರಲ್ಲಿ ಸೀಸದ ಸೈನಿಕರನ್ನು ಒಳಗೆ ಪೊಳ್ಳಾಗಿ ಎರಕ ಹೊಯ್ಯಲು ಶುರು ಮಾಡಿತು. ಲೋಹ ಕಡಿಮೆ ಹಿಡಿಯಿತು, ತೂಕ ಇಳಿಯಿತು, ಬೆಲೆಯೂ ಇಳಿಯಿತು. ಅಲ್ಲಿಯವರೆಗೆ ಜರ್ಮನಿಯಿಂದ ಬರುತ್ತಿದ್ದ ಗಟ್ಟಿ ಗೊಂಬೆ ಕೊಳ್ಳಲಾಗದ ಮನೆಗಳಿಗೂ ಸೈನಿಕರು ಬಂದರು. ಆ ಸೈನಿಕರನ್ನು ನೆಲದ ಮೇಲೆ ಹರಡಿಕೊಂಡು ಆಡಿದವರಲ್ಲಿ ಎಚ್. ಜಿ. ವೆಲ್ಸ್ ಒಬ್ಬರು. ಮಂಗಳನವರು ಭೂಮಿಯ ಮೇಲೆ ದಾಳಿ ಮಾಡುವ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಥೆ ಬರೆದ ಅದೇ ವೆಲ್ಸ್. 1913ರಲ್ಲಿ ಅವರು ಈ ಆಟದ ನಿಯಮಗಳನ್ನು ‘ಲಿಟಲ್ ವಾರ್ಸ್’ ಎಂಬ ಪುಸ್ತಕವಾಗಿ ಹೊರತಂದರು. ಮೊದಮೊದಲು ಅವರ ರಣರಂಗದ ಗುಡ್ಡಬೆಟ್ಟ ಯಾವುದರಿಂದ ಆಗಿತ್ತು ಗೊತ್ತೇ? ಮನೆಯಲ್ಲಿದ್ದ ವಿಶ್ವಕೋಶದ ಸಂಪುಟಗಳು ಮತ್ತು ಹಲಗೆ ತುಂಡುಗಳಿಂದ. ಕೊಂಡು ತಂದ ಗುಡ್ಡ ಒಂದೂ ಇರಲಿಲ್ಲ. ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧ ಎಷ್ಟೋ ವಾಸಿ ಎಂದು ಅದೇ ಪುಸ್ತಕದ ಕೊನೆಗೆ ಅವರು ವಾದಿಸುತ್ತಾರೆ. ಮಾರನೆಯ ವರ್ಷವೇ ಮೊದಲ ಮಹಾಯುದ್ಧ ಬಂತು.

ಹಣ ಎಲ್ಲಿ ಸೋರುತ್ತದೆ ಎಂದು ಕೇಳಿದರೆ ನನ್ನ ಉತ್ತರ ಒಂದೇ: ಕಥೆ ಆರಿಸುವ ಮೊದಲೇ ಗೊಂಬೆ ಕೊಳ್ಳುವಲ್ಲಿ. ಅಂದವಾಗಿದೆ ಎಂದು ಒಂದು, ರಿಯಾಯಿತಿ ಇದೆ ಎಂದು ಇನ್ನೊಂದು, ಹೀಗೆ ಕೂಡಿಟ್ಟದ್ದು ಬಣ್ಣ ಕಾಣದೆ ಡಬ್ಬದಲ್ಲೇ ಉಳಿಯುತ್ತದೆ. ಮೊದಲು ಒಂದೇ ಒಂದು ಪ್ರಸಂಗ ಹಿಡಿಯಿರಿ. ವೆಲ್ಸ್ ಕಥೆಯಲ್ಲಿ ಥೇಮ್ಸ್ ನದಿಯ ದಂಡೆಯ ಶೆಪರ್ಟನ್ ಹತ್ತಿರ ಜನ ದೋಣಿಗಾಗಿ ನೂಕಾಡುತ್ತಿರುವಾಗ ಯುದ್ಧಯಂತ್ರಗಳು ಬರುತ್ತವೆ. ಮರೆಯಲ್ಲಿದ್ದ ಫಿರಂಗಿಯ ಗುಂಡೊಂದು ಒಂದು ಯಂತ್ರಕ್ಕೆ ಬಡಿದು, ಅದು ತತ್ತರಿಸಿ ನದಿಗೆ ಬೀಳುತ್ತದೆ. ಇಡೀ ಕಥೆಯಲ್ಲಿ ಮನುಷ್ಯರು ಮೇಲುಗೈ ಸಾಧಿಸುವ ಕೆಲವೇ ಗಳಿಗೆಗಳಲ್ಲಿ ಇದೊಂದು. ಇದಕ್ಕೆ ಏನು ಬೇಕು? ಒಂದು ಯಂತ್ರ, ಒಂದು ಫಿರಂಗಿ, ಅದರ ಸುತ್ತ ಐದಾರು ಜನ, ದಂಡೆಯ ಮೇಲೆ ಹತ್ತು ಹನ್ನೆರಡು ಊರಿನವರು, ಒಂದು ದೋಣಿ. ಅಷ್ಟು ಮುಗಿಸಿ ಬಣ್ಣ ಹಚ್ಚಿ ನಿಲ್ಲಿಸಿದರೆ ಅದು ಪೂರ್ತಿಯಾದ ಸಂಗ್ರಹವೇ. ಮುಂದಿನದನ್ನು ಆಮೇಲೆ ನೋಡಿದರಾಯಿತು. ನಾನಂತೂ ಕೈಯಲ್ಲಿರುವುದಕ್ಕೆ ಕೊನೆಯ ಬಣ್ಣ ಬೀಳುವವರೆಗೆ ಹೊಸ ಗೊಂಬೆ ತರುವುದಿಲ್ಲ.

ಎರಡನೆಯ ಲೆಕ್ಕ ಅಳತೆಯದು. ಅಂಗಡಿಗಳಲ್ಲಿ ಹೆಚ್ಚು ಮೆರೆಯುವುದು 28 ಮಿಲಿಮೀಟರ್ ಗೊಂಬೆ, ಸುಮಾರು 1/56ರ ಅಳತೆ, ಅಂದರೆ ನಿಜದ ಐವತ್ತಾರರಲ್ಲಿ ಒಂದು ಪಾಲು. ಮುಖ ಮೂಗು ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಗೊಂಬೆ ದೊಡ್ಡದಾದಂತೆ ಅದರ ಪಕ್ಕದ ಯಂತ್ರವೂ ಬೆಳೆಯುತ್ತದೆ. ವೆಲ್ಸ್ ಯುದ್ಧಯಂತ್ರದ ಎತ್ತರವನ್ನು ನೂರು ಅಡಿಯ ಹತ್ತಿರ ಎಂದಿದ್ದಾರೆ, ಅಂದರೆ ಸುಮಾರು 30 ಮೀಟರ್. 1/56ರಲ್ಲಿ ಅದು 54 ಸೆಂಟಿಮೀಟರ್ ಆಗುತ್ತದೆ. ನನ್ನ ಬೀರುವಿನ ಯಾವ ಹಲಗೆಯಲ್ಲೂ ಅದು ನಿಲ್ಲುವುದಿಲ್ಲ. 1/72ರಲ್ಲಿ 42 ಸೆಂಟಿಮೀಟರ್. 1/300ರಲ್ಲಿ 10 ಸೆಂಟಿಮೀಟರ್, ಅಂಗೈ ಮೇಲೆ ನಿಲ್ಲಿಸಬಹುದು. ನಾಟಿಲಸ್ ಜಲಾಂತರ್ಗಾಮಿಯ ಉದ್ದ 70 ಮೀಟರ್, ನಡುವಿನ ಅಗಲ 8 ಮೀಟರ್ ಎಂದು ಜೂಲ್ಸ್ ವರ್ನ್ ಕಥೆಯಲ್ಲಿ ನೆಮೋ ತಾನೇ ಹೇಳುತ್ತಾನೆ. 1/72ರಲ್ಲಿ ಅದು ಹತ್ತಿರ ಹತ್ತಿರ ಒಂದು ಮೀಟರ್ ಉದ್ದದ ದಿಮ್ಮಿ. 1/300ರಲ್ಲಿ 23 ಸೆಂಟಿಮೀಟರ್ ಉದ್ದ, 2.7 ಸೆಂಟಿಮೀಟರ್ ದಪ್ಪ. ಅದಕ್ಕೇ ನಾನು ಎರಡು ಅಳತೆ ಇಟ್ಟುಕೊಂಡಿದ್ದೇನೆ: ಮನುಷ್ಯರು ಮುಖ್ಯವಾದ ಪ್ರಸಂಗಕ್ಕೆ 1/72, ಯಂತ್ರ ಮತ್ತು ಹಡಗು ಮುಖ್ಯವಾದ ಪ್ರಸಂಗಕ್ಕೆ 1/300. ಎರಡನ್ನೂ ಒಂದೇ ಹಲಗೆಯಲ್ಲಿ ಬೆರೆಸುವುದಿಲ್ಲ.

1/300ರಲ್ಲಿ ಮನುಷ್ಯ ಜೀರಿಗೆ ಕಾಳಿನಷ್ಟಿರುತ್ತಾನೆ. ಅವನನ್ನು ಕೊಳ್ಳುವುದೇ ಬೇಡ. ತೆಂಗಿನ ಗರಿಯ ಪೊರಕೆ ಕಡ್ಡಿಯನ್ನು ಆರು ಮಿಲಿಮೀಟರಿನ ತುಂಡುಗಳಾಗಿ ಕತ್ತರಿಸಿ, ರಟ್ಟಿನ ಪಟ್ಟಿಯ ಮೇಲೆ ಸಾಲಾಗಿ ನಿಲ್ಲಿಸಿ ಅಂಟಿಸಿ. ಮೈಗೆ ಕೆಂಪು, ಕಾಲಿಗೆ ಕಪ್ಪು, ತಲೆಗೆ ಒಂದು ಬಿಳಿ ಚುಕ್ಕೆ. ಕೈ ಚಾಚಿದಷ್ಟು ದೂರದಿಂದ ನೋಡಿ, ಅದು ರೆಜಿಮೆಂಟು. ಇನ್ನು ನಾಟಿಲಸ್. ಎರಡೂ ತುದಿ ಸಣ್ಣಗಾಗುತ್ತ ಹೋಗುವ ಮರದ ಲಟ್ಟಣಿಗೆ ಜಾತ್ರೆಯ ಅಂಗಡಿಗಳಲ್ಲಿ ಸಿಗುತ್ತದಲ್ಲ, ಅದರ ಉದ್ದ ದಪ್ಪಗಳನ್ನು ವರ್ನ್ ಕೊಟ್ಟ ಅಳತೆಯ ಪಕ್ಕ ಇಟ್ಟು ನೋಡಿ. ಇಪ್ಪತ್ತಾರು ಸೆಂಟಿಮೀಟರ್ ಉದ್ದಕ್ಕೆ ಮೂರು ಸೆಂಟಿಮೀಟರ್ ದಪ್ಪ ಇರುವುದು ಸಿಕ್ಕರೆ ಅದು ಹೆಚ್ಚುಕಡಿಮೆ ನೆಮೋ ಹೇಳಿದ ಪ್ರಮಾಣವೇ. ತುದಿಗಳನ್ನು ಉಪ್ಪುಕಾಗದದಿಂದ ಚೂಪು ಮಾಡಿ, ಬದಿಯ ಕಿಟಕಿಗೆ ಹೆಂಗಸರ ವಾಚಿನ ಸಣ್ಣ ಗಾಜು ಕೂರಿಸಿದ್ದೇನೆ. ಅಳತೆಗೆ ಗಾಜು ತುಸು ದೊಡ್ಡದೇ, ಆದರೆ ಆ ಕಿಟಕಿಯಿಂದ ಸಮುದ್ರ ನೋಡುವುದೇ ಆ ಕಥೆಯ ಜೀವ, ಹಾಗಾಗಿ ಬಿಟ್ಟಿದ್ದೇನೆ.

ಈಗ ನನ್ನ ಕಸುಬಿಗೆ ಹತ್ತಿರದ ಮಾತು. ಈ ಬಗೆಯ ಮಾದರಿ ಮಾಡುವವರಲ್ಲಿ ವಾಚಿನ ಹಲ್ಲುಚಕ್ರಗಳನ್ನು ಎಲ್ಲೆಂದರಲ್ಲಿ ಅಂಟಿಸುವ ಅಭ್ಯಾಸ ಬಹಳ. ಟೋಪಿಯ ಮೇಲೆ ಚಕ್ರ, ಬಂದೂಕಿನ ಮೇಲೆ ಚಕ್ರ, ಮಂಗಳನವರ ಯಂತ್ರದ ಮಂಡಿಯ ಮೇಲೂ ಚಕ್ರ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ವೆಲ್ಸ್ ತಮ್ಮ ಕಥೆಯಲ್ಲಿ ಸ್ಪಷ್ಟವಾಗಿಯೇ ಬರೆದಿದ್ದಾರೆ: ಮಂಗಳನವರು ಭೂಮಿಗೆ ತಂದ ವಸ್ತುಗಳಲ್ಲಿ ಚಕ್ರದ ಕುರುಹೇ ಇಲ್ಲ. ಅಚ್ಚಿನ ಮೇಲೆ ತಿರುಗುವ ಭಾಗವೂ ಅವರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸ್ನಾಯುವಿನ ಹಾಗೆ ಎಳೆದುಕೊಳ್ಳುವ, ಜಾರುವ ಭಾಗಗಳಿಂದ ಅವರ ಯಂತ್ರಗಳು ನಡೆಯುತ್ತವೆ. ಜೀವನವೆಲ್ಲ ಚಕ್ರಕ್ಕೆ ಚಕ್ರ ಕೂಡಿಸಿದ ನನ್ನಂಥವನಿಗೆ ಆ ಪುಟ ಎಷ್ಟು ಓದಿದರೂ ಸಾಲದು. ಚಕ್ರವಿಲ್ಲದ ನಾಗರಿಕತೆ ಹೇಗಿದ್ದೀತು ಎಂದು ಒಬ್ಬ ಲೇಖಕ 1890ರ ದಶಕದಲ್ಲಿ ಕೂತು ಯೋಚಿಸಿದ್ದಾರೆ! ಬಿರುಸು ಕಾಲಿನ, ಮುಕ್ಕಾಲಿ ಪೀಠದಂಥ ಯಂತ್ರವನ್ನು ಬರೆದ ಚಿತ್ರಗಾರರ ಬಗ್ಗೆ ಪುಸ್ತಕದ ಒಳಗೇ ಅವರು ಅಸಮಾಧಾನ ತೋರಿಸಿದ್ದಾರೆ. ಹಾಗಿರುವಾಗ ಅದರ ಮೇಲೆ ಹಲ್ಲುಚಕ್ರ ಅಂಟಿಸುವುದು ಕಥೆಗೆ ಮಾಡುವ ಅಪಚಾರ.

ನನ್ನ ಯಂತ್ರದ ಕಾಲು ಸೈಕಲ್ ಸ್ಪೋಕು. ಬೆಂಕಿಗೆ ಹಿಡಿದು ಇಕ್ಕಳದಿಂದ ನಿಧಾನವಾಗಿ ಬಗ್ಗಿಸಿದರೆ ನಡೆಯುವ ಬಾಗು ಬರುತ್ತದೆ. ಗೆಣ್ಣು ಹಾಕುವುದಿಲ್ಲ. ಜೋತಾಡುವ ಬಳ್ಳಿಗೈಗಳಿಗೆ ವಾಚಿನ ಸವೆದ ಮೇನ್ ಸ್ಪ್ರಿಂಗ್, ಕೀ ಕೊಟ್ಟಾಗ ಬಿಗಿಯಾಗುವ ಪಟ್ಟಿ. ಡಬ್ಬಿಯಿಂದ ಬಿಚ್ಚಿದಾಗ ಅದು ತಾನಾಗಿ ಸುರುಳಿ ಬಿಟ್ಟು ಮಲಗುತ್ತದೆ, ಅಚ್ಚಿಲ್ಲದೆ ಬಾಗುವ ಉಕ್ಕು, ವೆಲ್ಸ್ ಹೇಳಿದ್ದಕ್ಕೆ ಅದಕ್ಕಿಂತ ಹತ್ತಿರದ್ದು ಬೇರೆ ನಾನು ಕಂಡಿಲ್ಲ. ಬಿಚ್ಚುವಾಗ ಕಣ್ಣಿಗೆ ಕನ್ನಡಕ ಇರಲೇಬೇಕು, ಸ್ಪ್ರಿಂಗ್ ಹಾರಿದರೆ ಕಣ್ಣಿಗೇ ಬರುತ್ತದೆ. ತಲೆಯ ಭಾಗಕ್ಕೆ ಕಥೆಯಲ್ಲಿ ಹಿತ್ತಾಳೆ ಬಣ್ಣದ ಮುಸುಕು, ಅದರ ಹಿಂದೆ ಬಿಳಿ ಲೋಹದ ದೊಡ್ಡ ಮೀನುಬುಟ್ಟಿಯಂಥದ್ದು ಇರುತ್ತದೆ. ಅದರಲ್ಲೇ ಹಿಡಿದ ಮನುಷ್ಯರನ್ನು ತುಂಬುವುದು. ಟೀ ಸೋಸುವ ಸ್ಟೀಲ್ ಜಾಲರಿಯ ಹಿಡಿ ಕತ್ತರಿಸಿ ಅಲ್ಲಿಗೆ ಕೂರಿಸಿದ್ದೇನೆ.

ಹಾಗಾದರೆ ಹಲ್ಲುಚಕ್ರ ಎಲ್ಲಿಗೆ? ಮನುಷ್ಯರ ಕಡೆಗೆ. ಉಗಿಬಂಡಿಗೆ, ಫಿರಂಗಿಯ ಮೂತಿ ಎತ್ತುವ ಕೈಚಕ್ರಕ್ಕೆ, ಲಂಗರು ಎಳೆಯುವ ರಾಟೆಗೆ. ಅಲ್ಲೂ ಹಲ್ಲಿಗೆ ಹಲ್ಲು ಕೂಡುವ ಹಾಗೆ, ತಿರುಗಿಸಿದರೆ ಮುಂದಿನದು ತಿರುಗಬೇಕು ಎಂಬಂತೆ ಕೂರಿಸಿ. ನಮ್ಮ ಬೀದಿಯಲ್ಲಿ ಮೀಟರ್ ಗೇಜ್ ಕಾಲದಲ್ಲಿ ಉಗಿ ಇಂಜಿನ್ ಓಡಿಸಿದ ನಿವೃತ್ತ ಡ್ರೈವರ್ ಒಬ್ಬರಿದ್ದಾರೆ. ಸಂಜೆ ಅಂಗಡಿಗೆ ಬಂದು ಕೂರುತ್ತಾರೆ. ಒಂದು ಉಗಿಬಂಡಿ ಮಾಡಿ ತೋರಿಸಿದಾಗ ಅವರು ಕೇಳಿದ್ದು, ‘ನೀರು ಎಲ್ಲಿ ತುಂಬಿಸ್ತೀಯಪ್ಪಾ? ಕಲ್ಲಿದ್ದಲು ಯಾರು ಹಾಕ್ತಾರೆ? ಅವನು ನಿಲ್ಲೋಕೆ ಜಾಗ ಎಲ್ಲಿ?’ ಎಂದು. ಅಂದಿನಿಂದ ಏನೇ ಕಟ್ಟಿದರೂ ನೀರಿನ ತೊಟ್ಟಿ, ಕಲ್ಲಿದ್ದಲ ಡಬ್ಬ, ಫೈರ್‌ಮನ್ ನಿಲ್ಲುವ ಹಲಗೆ ಇವು ಮೂರೂ ಇರುತ್ತವೆ. ಇದಕ್ಕೆ ಒಂದು ಪೈಸೆಯೂ ಹೆಚ್ಚು ಖರ್ಚಿಲ್ಲ, ಆದರೆ ನೋಡಿದವರು ಇದು ಓಡುತ್ತದೆ ಎಂದು ನಂಬುತ್ತಾರೆ. ಈ ಎಲ್ಲ ಊಹೆಯ ಹಿಂದೆ ನಿಜವಾದ ಯಂತ್ರಗಳೂ ಇದ್ದವು. ಬ್ರಿಟಿಷ್ ನೌಕಾಪಡೆಯ ಪಾಲಿಫೀಮಸ್ ಎಂಬ ಟಾರ್ಪಿಡೋ ಹಡಗು 1881ರಲ್ಲಿ ನೀರಿಗಿಳಿಯಿತು. ಶತ್ರುವಿನ ಹಡಗಿಗೆ ಮೂತಿಯಿಂದಲೇ ಗುದ್ದುವಂತೆ ಕಟ್ಟಿದ್ದು, 240 ಅಡಿ ಉದ್ದ. ವೆಲ್ಸ್ ಕಥೆಯಲ್ಲಿ ಮಂಗಳನವರ ಎರಡು ಯಂತ್ರಗಳನ್ನು ಉರುಳಿಸಿ ತಾನೂ ಮುಳುಗುವ ಥಂಡರ್ ಚೈಲ್ಡ್ ಇದೇ ಜಾತಿಯ ಹಡಗು. ಕಾಗದದ ಮೇಲೆ ಅಳತೆ ಬರೆದುಕೊಂಡರೆ 1/300ರಲ್ಲಿ 24 ಸೆಂಟಿಮೀಟರ್. ಶೂ ಡಬ್ಬದ ರಟ್ಟಿನಲ್ಲಿ ಅದನ್ನು ಮಾಡಿದ್ದೇನೆ.

ಊರಿನ ಜನರ ವಿಷಯಕ್ಕೆ ಬಂದರೆ, ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಕಟ್ಟಡದ ಮಾದರಿಯಲ್ಲಿ ನಿಲ್ಲಿಸುವ ಬಿಳಿ ಪ್ಲಾಸ್ಟಿಕ್ ಮನುಷ್ಯರು ಬೆಂಗಳೂರಿನ ಸ್ಟೇಷನರಿ ಅಂಗಡಿಗಳಲ್ಲಿ ಪೊಟ್ಟಣ ಪೊಟ್ಟಣವಾಗಿ ಸಿಗುತ್ತಾರೆ. 1/75ರ ಅಳತೆಯದು ಕೇಳಿ ತನ್ನಿ, 1/72ರ ಪಕ್ಕ ವ್ಯತ್ಯಾಸ ಗೊತ್ತಾಗುವುದಿಲ್ಲ. ಅವರು ಪ್ಯಾಂಟು ಶರಟಿನ ಇಂದಿನ ಜನ, ವಿಕ್ಟೋರಿಯಾ ಕಾಲಕ್ಕೆ ಕಳಿಸುವುದು ನಮ್ಮ ಕೆಲಸ. ಟಿಶ್ಯೂ ಕಾಗದದ ಚೂರನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಸೊಂಟಕ್ಕೆ ಸುತ್ತಿ, ಸೂಜಿಯ ತುದಿಯಿಂದ ನೆರಿಗೆ ಎಳೆದರೆ ನೆಲ ಮುಟ್ಟುವ ಲಂಗ. ಪಂಚಿಂಗ್ ಮೆಷಿನ್ನಿನಿಂದ ಬಿದ್ದ ಕಾಗದದ ಬಿಲ್ಲೆಯ ನಡುವೆ ಒಂದು ಚೂರು ರೀಫಿಲ್ ಕಡ್ಡಿ ನಿಲ್ಲಿಸಿದರೆ ಗಂಡಸರ ಉದ್ದ ಟೋಪಿ. ಎಂ-ಸೀಲ್‌ನ ಉಂಡೆಯಿಂದ ಗಂಟು, ಮೂಟೆ, ಕೈಚೀಲ. ಒಂದು ಪೊಟ್ಟಣದಲ್ಲಿ ಲಂಡನ್ನಿನ ಒಂದು ಬೀದಿಯೇ ತುಂಬುತ್ತದೆ.

ಸಿಪಾಯಿಗಳನ್ನು ಮಾತ್ರ ನಾನು ಕೊಳ್ಳುತ್ತೇನೆ. 1/72ರ ಮೆತ್ತನೆ ಪ್ಲಾಸ್ಟಿಕ್ಕಿನ ಒಂದು ಪೆಟ್ಟಿಗೆಯಲ್ಲಿ ನಲವತ್ತರ ಆಸುಪಾಸು ಗೊಂಬೆ ಇರುತ್ತವೆ. ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ಗಿರಾಕಿಯೊಬ್ಬರ ಮಗ ರಜೆಗೆ ಬರುವಾಗ ಸೂಟ್‌ಕೇಸಿನ ಮೂಲೆಯಲ್ಲಿ ತಂದುಕೊಡುತ್ತಾನೆ. ಅಂಚೆಯಲ್ಲಿ ತರಿಸಿದರೆ ಸಾಗಣೆಗೂ ಸುಂಕಕ್ಕೂ ಗೊಂಬೆಯಷ್ಟೇ ತೆರಬೇಕಾದೀತು. ಈ ಪ್ಲಾಸ್ಟಿಕ್ಕಿಗೆ ಬಣ್ಣ ನಿಲ್ಲುವುದಿಲ್ಲ ಎಂಬ ದೂರು ಎಲ್ಲ ಕಡೆ ಇದೆ. ಬೆಚ್ಚನೆ ನೀರಿನಲ್ಲಿ ಪಾತ್ರೆ ಸೋಪು ಹಾಕಿ ಹಳೆಯ ಟೂತ್‌ಬ್ರಷ್‌ನಿಂದ ತೊಳೆಯಿರಿ, ಒಣಗಿದ ಮೇಲೆ ತೆಳು ಮಾಡಿದ ಫೆವಿಕಾಲ್ ಒಂದು ಕೋಟು ಬಳಿಯಿರಿ. ಅದು ಪೂರ್ತಿ ಒಣಗಿ ಗಾಜಿನಂತೆ ಪಾರದರ್ಶಕವಾದ ಮೇಲೆ ಕಪ್ಪು, ಕಪ್ಪಿನ ಮೇಲೆ ಬಣ್ಣ. ಬಂದೂಕು ಬಾಗಿದರೂ ಬಣ್ಣ ಏಳುವುದಿಲ್ಲ. ಮಕ್ಕಳು ಶಾಲೆಗೆ ಒಯ್ಯುವ ಕ್ಯಾಮ್ಲಿನ್ ಅಕ್ರಿಲಿಕ್ ಸಾಕು, ಆದರೆ ಕುಂಚದಲ್ಲಿ ಉಳಿತಾಯ ಮಾಡಬೇಡಿ. ತುದಿ ಸೇರುವ ಒಂದು ಸೊನ್ನೆ ನಂಬರಿನ ಒಳ್ಳೆಯ ಕುಂಚ, ತುದಿ ಕೆದರಿದ ಹತ್ತಕ್ಕಿಂತ ಮೇಲು.

ಬಣ್ಣ ಆರಿಸುವಾಗ ಇಸವಿ ನೋಡಿಕೊಳ್ಳಿ. ಬ್ರಿಟಿಷ್ ಸೈನಿಕರು ಕೆಂಪು ಕೋಟಿನಲ್ಲಿ ಕೊನೆಯ ಬಾರಿ ಕಾಳಗ ಮಾಡಿದ್ದು 1885ರ ಕೊನೆಗೆ, ಸುಡಾನಿನ ಜಿನ್ನಿಸ್‌ನಲ್ಲಿ. ಆಮೇಲೆ ರಣರಂಗದಲ್ಲಿ ಖಾಕಿ. ಅದಕ್ಕೂ ಮೊದಲು ಬಿಸಿಲುನಾಡಿನಲ್ಲಿ ಬಿಳಿ ಹೆಲ್ಮೆಟ್ ದೂರದಿಂದ ಎದ್ದು ಕಾಣುತ್ತದೆಂದು ಅವರು ಅದನ್ನು ಚಹಾದಲ್ಲಿ ಅದ್ದಿ ಮಾಸಲು ಮಾಡಿಕೊಳ್ಳುತ್ತಿದ್ದರು. ನಾನೂ ಬಿಳಿ ಬಣ್ಣ ಬಳಿದ ಮೇಲೆ ಗಟ್ಟಿ ಡಿಕಾಕ್ಷನ್ನನ್ನೇ ಕುಂಚದಲ್ಲಿ ಹಚ್ಚುತ್ತೇನೆ. ಬಟ್ಟೆಯ ಮಡಿಕೆಯಲ್ಲಿ ನಿಂತು ಒಣಗಿದಾಗ ಅದರ ಮುಂದೆ ದುಬಾರಿ ಇಂಕು ಯಾವ ಲೆಕ್ಕ. ಗೊಂಬೆಯ ಅಡಿಗೆ ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ವಾಷರ್. ಡಬ್ಬದ ತಳಕ್ಕೆ ಫ್ರಿಜ್ಜಿಗೆ ಅಂಟಿಸುವ ಜಾಹೀರಾತು ಮ್ಯಾಗ್ನೆಟ್ ಹಾಸಿದರೆ ಬಸ್ಸಿನಲ್ಲಿ ಒಯ್ದರೂ ಒಂದೂ ಅಲುಗಾಡುವುದಿಲ್ಲ. ನೆಲಕ್ಕೆ ರವೆ ಉದುರಿಸುವವರಿದ್ದಾರೆ. ಇರುವೆ ಬರುತ್ತದೆ, ಜರಡಿ ಹಿಡಿದ ಮರಳೇ ವಾಸಿ.

ಕಸುಬಿನವನಾಗಿ ಎರಡು ಎಚ್ಚರಿಕೆ. ತುಂಬಾ ಹಳೆಯ, ಕತ್ತಲಲ್ಲಿ ಹೊಳೆಯುವ ಮುಳ್ಳು ಮತ್ತು ಡಯಲ್‌ಗಳನ್ನು ಕೆರೆಯಬೇಡಿ, ಅವುಗಳಲ್ಲಿ ರೇಡಿಯಂ ಬಣ್ಣ ಇರಬಹುದು, ಪುಡಿ ಮೂಗಿಗೆ ಹೋಗಬಾರದು. ಹಳೆಯ ಲೋಹದ ಗೊಂಬೆಗಳಲ್ಲಿ ಸೀಸ ಇರುತ್ತದೆ, ಮಕ್ಕಳ ಕೈಗೆ ಬೇಡ. ವಾಚಿನ ಬಿಡಿಭಾಗಗಳಿಗಂತೂ ಕೊರತೆ ಇಲ್ಲ. ಯಾವ ರಿಪೇರಿ ಅಂಗಡಿಯಲ್ಲಿ ಕೇಳಿದರೂ ಒಂದು ಡಬ್ಬಿ ತುಂಬ ಕೆಟ್ಟ ಚಕ್ರಗಳು ಇರುತ್ತವೆ. ಪೆಟ್ರೋಲಿನಲ್ಲಿ ತೊಳೆದು ಎಣ್ಣೆ ತೆಗೆಸಿಕೊಂಡು ಬನ್ನಿ, ಎಣ್ಣೆ ಉಳಿದರೆ ಅಂಟು ಹಿಡಿಯುವುದಿಲ್ಲ. ಮಕ್ಕಳಾಗಿದ್ದರೆ ತೊಳೆಯುವ ಕೆಲಸ ಅಂಗಡಿಯವರಿಗೇ ಬಿಡಿ.

ಇನ್ನು ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ ವಿಷಯ. ಈ ಬಗೆಯ ಸಂಗ್ರಹಗಳ ಚಿತ್ರ ನೋಡಿದರೆ ಹೆಚ್ಚಿನವುಗಳಲ್ಲಿ ಬ್ರಿಟಿಷ್ ಸಿಪಾಯಿಯೇ ನಾಯಕ. ಆಫ್ರಿಕಾದವರು, ಏಷ್ಯಾದವರು ಗುಂಡಿಗೆ ಎದೆಯೊಡ್ಡಲು ನಿಂತ ಸಾಲು. ಹಾಗೆ ಮಾಡಬೇಕಾಗಿಲ್ಲ, ಮೂಲ ಕಥೆಗಳೂ ಹಾಗೆ ಹೇಳುವುದಿಲ್ಲ. ವೆಲ್ಸ್ ಮೊದಲ ಅಧ್ಯಾಯದಲ್ಲೇ ಟ್ಯಾಸ್ಮೇನಿಯಾದ ಮೂಲನಿವಾಸಿಗಳನ್ನು ಯೂರೋಪಿನವರು ಐವತ್ತು ವರ್ಷಗಳಲ್ಲಿ ನಿರ್ನಾಮ ಮಾಡಿದರೆಂದು ಹೇಳಿ, ಮಂಗಳನವರು ಅದೇ ಬುದ್ಧಿಯಿಂದ ನಮ್ಮ ಮೇಲೆ ಬಂದರೆ ದೂರಲು ನಮಗೆ ಯಾವ ಹಕ್ಕಿದೆ ಎಂದು ತಮ್ಮ ಜನರನ್ನೇ ಕೇಳುತ್ತಾರೆ. ಇನ್ನು ನೆಮೋ. ಆತ ಯಾರೆಂಬುದು ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದಿ ಸೀ’ ಎಂಬ ಮೊದಲ ಪುಸ್ತಕದಲ್ಲಿ ಗುಟ್ಟಾಗಿ ಉಳಿಯುತ್ತದೆ. 1875ರ ಹೊತ್ತಿಗೆ ಮುಗಿದ ‘ದಿ ಮಿಸ್ಟೀರಿಯಸ್ ಐಲೆಂಡ್’ ಕಥೆಯಲ್ಲಿ ವರ್ನ್ ಗುಟ್ಟು ಬಿಡುತ್ತಾರೆ: ಆತ ಬುಂದೇಲಖಂಡದ ರಾಜಕುಮಾರ ಡಕ್ಕರ್, 1857ರಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿ ಹೆಂಡತಿ ಮಕ್ಕಳನ್ನು ಕಳೆದುಕೊಂಡವನು. ಜೊತೆಗೆ ಟಿಪ್ಪು ಸುಲ್ತಾನನ ಒಡಹುಟ್ಟಿದವರೊಬ್ಬರ ಮಗ! 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಮಡಿದವನಿಗೂ ಬುಂದೇಲಖಂಡದ ಈ ರಾಜಕುಮಾರನಿಗೂ ವಂಶಾವಳಿ ಹೇಗೆ ಕೂಡುತ್ತದೆ ಎಂದು ಇತಿಹಾಸದವರು ಕೇಳಬಹುದು. ಫ್ರಾನ್ಸಿನಲ್ಲಿ ಕೂತ ಲೇಖಕನಿಗೆ ಇಂಗ್ಲಿಷರ ಎದುರು ನಿಲ್ಲುವ ವಿಜ್ಞಾನಿಯನ್ನು ಕಲ್ಪಿಸುವಾಗ ನಮ್ಮ ಮೈಸೂರಿನ ಹೆಸರು ನೆನಪಾಯಿತಲ್ಲ, ನನಗೆ ಅದು ದೊಡ್ಡದು.

ಆ ನೆನಪಿಗೆ ಕಾರಣವೂ ಇತ್ತು. ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಬಿದಿರ ಗಳಕ್ಕೆ ಕಟ್ಟಿ ಹಾರಿಸಿದ ಮೈಸೂರಿನ ರಾಕೆಟ್ಟುಗಳನ್ನು ಬ್ರಿಟಿಷರು 1780ರಲ್ಲಿ ಪೊಲ್ಲಿಲೂರಿನಲ್ಲಿ ಎದುರಿಸಿದ್ದರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಅವುಗಳನ್ನು ಇಂಗ್ಲೆಂಡಿಗೆ ಒಯ್ದರು. ವಿಲಿಯಂ ಕಾಂಗ್ರೀವ್ ಅವುಗಳಿಂದಲೇ ಕಲಿತು ತನ್ನ ರಾಕೆಟ್ಟುಗಳನ್ನು ರೂಪಿಸಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ರಾಕೆಟ್ಟುಗಳನ್ನು ಪುರಾತತ್ವ ಇಲಾಖೆಯವರು ಹೊರತೆಗೆದದ್ದನ್ನು ನಿಮ್ಮ ಪತ್ರಿಕೆಯ ಓದುಗರು ಮರೆತಿರಲಾರರು. ನನ್ನ ನೆಮೋನ ದ್ವೀಪದ ದಂಡೆಯಲ್ಲಿ ಆ ರಾಕೆಟ್ಟುಗಳ ಒಂದು ದಳ ಇದೆ. ಅವನ ಹಿರಿಯರ ಕಮ್ಮಟ ನಿಲ್ಲದೆ ಇನ್ನೂ ಅರವತ್ತು ವರ್ಷ ನಡೆದಿದ್ದರೆ ಏನಾಗುತ್ತಿತ್ತು ಎಂಬ ಊಹೆ ಅದು. ಕೊಳವೆಗೆ ಬಾಲ್‌ಪೆನ್ ರೀಫಿಲ್ಲಿನ ಹಿತ್ತಾಳೆ ತುದಿ, ಗಳಕ್ಕೆ ಪೊರಕೆ ಕಡ್ಡಿ, ದಳದವರ ಅಂಗಿಗೆ ಟಿಪ್ಪುವಿನ ಸೈನಿಕರ ಹುಲಿಪಟ್ಟೆ. ಪಟ್ಟೆಯನ್ನು ಕುಂಚದಲ್ಲಿ ಬರೆಯುವುದಕ್ಕಿಂತ ಡ್ರಾಯಿಂಗಿನ 0.1 ಪೆನ್ನಿನಲ್ಲಿ ಬರೆಯುವುದು ಸುಲಭ. ಇಡೀ ದಳಕ್ಕೆ ಖರ್ಚಾದದ್ದು ಪೆನ್ನಿನ ದುಡ್ಡು. ಸಿಪಾಯಿಗಳು ಕೆಂಪು ಕೋಟಿನವರ ಪೆಟ್ಟಿಗೆಯಲ್ಲೇ ಮಿಕ್ಕವರು, ಹೆಲ್ಮೆಟ್ ಕೆತ್ತಿ ತೆಗೆದು ಎಂ-ಸೀಲ್‌ನಲ್ಲಿ ಪೇಟ ಸುತ್ತಿದ್ದೇನೆ.

ಉಕ್ಕಿನ ಆನೆಯದೂ ನಮ್ಮ ನೆಲದ ಕಥೆಯೇ. 1880ರಲ್ಲಿ ಬಂದ ‘ದಿ ಸ್ಟೀಮ್ ಹೌಸ್’ ಎಂಬ ಕಾದಂಬರಿಯಲ್ಲಿ ವರ್ನ್ ಅದನ್ನು ಕಲ್ಕತ್ತೆಯಿಂದ ಹೊರಡಿಸುತ್ತಾರೆ. ಸೊಂಡಿಲಿನಿಂದ ಹೊಗೆ ಬಿಡುತ್ತ, ಗಾಲಿಗಳ ಮೇಲಿನ ಎರಡು ಬಂಗಲೆಗಳನ್ನು ಅದು ಎಳೆಯುತ್ತದೆ. ಆ ಕಥೆ 1857ರ ಹೋರಾಟಗಾರರನ್ನು ಚಿತ್ರಿಸುವ ರೀತಿ ನನಗೆ ಒಪ್ಪಿಗೆಯಿಲ್ಲ, ಆನೆಯನ್ನಷ್ಟೇ ತೆಗೆದುಕೊಂಡಿದ್ದೇನೆ. ಇದು ಪೂರಾ ಕಲ್ಪನೆಯೇನಲ್ಲ. ಕ್ರಾಂಪ್ಟನ್ ಎಂಬ ಸೇನಾಧಿಕಾರಿ 1870ರ ದಶಕದಲ್ಲಿ ರಬ್ಬರ್ ಗಾಲಿಯ ಉಗಿ ಇಂಜಿನ್ನುಗಳನ್ನು ನಮ್ಮ ದೇಶದ ರಸ್ತೆಗಳಲ್ಲಿ ಓಡಿಸಿ ನೋಡಿದ್ದ. ನಮ್ಮ ಮನೆಗಳ ಫ್ಯಾನಿನ ಮೇಲಿರುವ ಕ್ರಾಂಪ್ಟನ್ ಹೆಸರು ಅವನದೇ. ನನ್ನ ಆನೆ ಸಿದ್ಧಗಂಗೆ ಜಾತ್ರೆಯ ಪ್ಲಾಸ್ಟಿಕ್ ಆನೆ. ಸೊಂಡಿಲಿನ ತುದಿ ಕೊರೆದು, ಮೈಮೇಲೆ ಮಾತ್ರೆ ಪಟ್ಟಿಯ ತಗಡು ಹೊದಿಸಿ, ಒಳಗಡೆಯಿಂದ ಖಾಲಿ ರೀಫಿಲ್ಲಿನಲ್ಲಿ ಒತ್ತಿ ರಿವೆಟ್ಟು ಎಬ್ಬಿಸಿದ್ದೇನೆ. ರಿವೆಟ್ಟು ಒತ್ತುವುದು ಬೇಸರದ ಕೆಲಸ ಎನ್ನುತ್ತಾರೆ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅದಕ್ಕಿಂತ ನೆಮ್ಮದಿಯ ಕೆಲಸ ನನಗೆ ಬೇರೆ ಗೊತ್ತಿಲ್ಲ.

ಈಗ 3ಡಿ ಪ್ರಿಂಟಿಂಗ್ ಬಂದಿದೆ, ಮೆಷಿನ್ ಕೊಳ್ಳದೆ ಬೇಕಾದ ಒಂದೆರಡು ಭಾಗ ಮಾತ್ರ ಮಾಡಿಸಿಕೊಳ್ಳಬಹುದು. ಆದರೆ ಇನ್ನೊಬ್ಬ ಕಲಾವಿದ ಕೆತ್ತಿ ಮಾರುವ ಗೊಂಬೆಯನ್ನು ಅಚ್ಚು ತೆಗೆದು ನಕಲು ಮಾಡುವುದನ್ನು ಉಳಿತಾಯ ಎಂದು ಯಾರೂ ಹೇಳಬಾರದು. ಅದು ಅವರ ಅನ್ನ.

ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ. ವರ್ನ್ ತೀರಿಕೊಂಡದ್ದು 1905ರಲ್ಲಿ, ವೆಲ್ಸ್ 1946ರಲ್ಲಿ. ನಮ್ಮ ದೇಶದ ಕಾನೂನಿನಂತೆ ಲೇಖಕ ತೀರಿಕೊಂಡ ಅರವತ್ತು ವರ್ಷಗಳ ಮೇಲೆ ಕೃತಿ ಎಲ್ಲರ ಸ್ವತ್ತು. ಸಿನಿಮಾದವರ ವಿನ್ಯಾಸ ನಕಲು ಮಾಡದೆ ಪುಸ್ತಕದ ಮಾತು ನೋಡಿಯೇ ಬರೆದರೆ ಯಾರ ಅನುಮತಿಯೂ ಬೇಡ, ಯಾರಿಗೂ ಹಣ ಕೊಡುವುದೂ ಬೇಡ. ನಿಮ್ಮ ಮಕ್ಕಳ ಪುಟದಲ್ಲಿ ತಿಂಗಳಿಗೊಮ್ಮೆ ಕತ್ತರಿಸಿ ಅಂಟಿಸುವ ಮಾದರಿಯೊಂದನ್ನು ಅಚ್ಚು ಹಾಕಿ. 1/300ರಲ್ಲಿ ನಾಟಿಲಸ್ 23 ಸೆಂಟಿಮೀಟರ್, ಥಂಡರ್ ಚೈಲ್ಡ್ 24, ಯುದ್ಧಯಂತ್ರ 10. ಮೂರೂ ನಿಮ್ಮ ಪುಟದ ಅಗಲದಲ್ಲಿ ಹಿಡಿಯುತ್ತವೆ, ಅಳೆದು ನೋಡಿದ್ದೇನೆ. ಪತ್ರಿಕೆಯ ಕಾಗದ ತೆಳು, ಹಾಗಾಗಿ ಮೈದಾ ಅಂಟಿನಿಂದ ನೋಟ್‌ಬುಕ್ಕಿನ ಹಿಂದಿನ ರಟ್ಟಿಗೆ ಅಂಟಿಸಿಕೊಂಡು ಕತ್ತರಿಸಿ ಎಂದು ಬದಿಯಲ್ಲಿ ಸೂಚಿಸಬೇಕು. ಕತ್ತರಿಸುವ ಗೆರೆ ಗಟ್ಟಿಯಾಗಿ, ಮಡಿಸುವ ಗೆರೆ ಚುಕ್ಕೆ ಚುಕ್ಕೆಯಾಗಿ ಇರಲಿ. ಅಂಟು ಹಚ್ಚುವ ಕಿವಿಗಳನ್ನು ಐದು ಮಿಲಿಮೀಟರಿಗಿಂತ ಕಿರಿದು ಮಾಡಬೇಡಿ, ಮಕ್ಕಳ ಬೆರಳಿಗೆ ಸಿಗುವುದಿಲ್ಲ. ಮೂರರ ನಕ್ಷೆಯನ್ನೂ ಪೆನ್ಸಿಲ್‌ನಲ್ಲಿ ಬರೆದು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ನಿಮ್ಮ ಕಲಾವಿದರು ಇಂಕು ಹಾಕಿಕೊಂಡರೆ ಸಾಕು.

ಇಂತಿ ನಿಮ್ಮ ಓದುಗ,
ತುಮಕೂರಿನ ಒಬ್ಬ ಗಡಿಯಾರ ರಿಪೇರಿಗಾರ